ಹಾರ್ಡ್‌ವೇರ್ ವಾಲೆಟ್: ಒಂದು ಸಂಖ್ಯೆಯ ಕಾವಲು

ಹಾರ್ಡ್‌ವೇರ್ ವಾಲೆಟ್ಟಿನೊಳಗೆ ಬಿಟ್‌ಕಾಯಿನ್ ಇರುವುದಿಲ್ಲ. ಯಾರ ಬಳಿ ಎಷ್ಟಿದೆ ಎಂಬ ಲೆಕ್ಕವೆಲ್ಲ ಇರುವುದು ಬ್ಲಾಕ್‌ಚೈನ್ ಎಂಬ ಬಹಿರಂಗ ಖಾತೆ ಪುಸ್ತಕದಲ್ಲಿ. ಅದರ ಪ್ರತಿಗಳು ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಹರಡಿವೆ. ಆ ಪುಸ್ತಕದ ಒಂದು ವಿಳಾಸದಿಂದ ಇನ್ನೊಂದಕ್ಕೆ ಹಣ ಸಾಗಬೇಕಾದರೆ ಡಿಜಿಟಲ್ ಸಹಿ ಬೇಕು. ಸಹಿ ಹಾಕಲು 256 ಬಿಟ್ಟುಗಳ ಒಂದು ಸಂಖ್ಯೆ ಬೇಕು. ನಮ್ಮ ಎಂದಿನ ಅಂಕಿಗಳಲ್ಲಿ ಬರೆದರೆ ಅದು ಸುಮಾರು 77 ಅಂಕಿಗಳಷ್ಟು ಉದ್ದ. ಇದೇ ಖಾಸಗಿ ಕೀಲಿ. ಇದನ್ನು ಬಲ್ಲವನೇ ಹಣದ ಒಡೆಯ. ಕದ್ದು ತಿಳಿದುಕೊಂಡವನ ಸಹಿಗೂ ನಿಜವಾದ ಒಡೆಯನ ಸಹಿಗೂ ಜಾಲದ ಕಣ್ಣಿಗೆ ಏನೇನೂ ವ್ಯತ್ಯಾಸ ಕಾಣದು.

ಸಂಖ್ಯೆಯನ್ನು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇಟ್ಟರೆ, ಅಲ್ಲಿ ಓಡುವ ನೂರಾರು ತಂತ್ರಾಂಶಗಳಲ್ಲಿ ಒಂದು ಕಳ್ಳ ತಂತ್ರಾಂಶ ಸೇರಿಕೊಂಡರೂ ಕೆಲಸ ಕೆಟ್ಟಿತು. ಹಾರ್ಡ್‌ವೇರ್ ವಾಲೆಟ್ ಇದಕ್ಕೆ ಕೊಟ್ಟ ಉತ್ತರ ಸರಳ: ಕೀಲಿ ಸಾಧನದೊಳಗೇ ಹುಟ್ಟುತ್ತದೆ, ಅಲ್ಲೇ ಇರುತ್ತದೆ, ಕಂಪ್ಯೂಟರಿಗೆ ಬರುವುದೇ ಇಲ್ಲ. ಸಹಿಯಾಗದ ವಹಿವಾಟು ಕಂಪ್ಯೂಟರಿನಿಂದ ಒಳಗೆ ಹೋಗುತ್ತದೆ. ಸಹಿಯಾದ ವಹಿವಾಟು ಹೊರಗೆ ಬರುತ್ತದೆ. ಈ ಬಗೆಯ ಸಾಧನ ಮಾರುಕಟ್ಟೆಗೆ ಮೊದಲು ಬಂದದ್ದು 2014ರಲ್ಲಿ, ಪ್ರಾಗ್ ನಗರದ ಸತೋಶಿಲ್ಯಾಬ್ಸ್ ತಯಾರಿಸಿದ ಟ್ರೆಜರ್ ರೂಪದಲ್ಲಿ. ಫ್ರಾನ್ಸಿನ ಲೆಡ್ಜರ್ ಅದರ ಹಿಂದೆಯೇ ಬಂತು. ಭಾರತದಲ್ಲಿ ಗುರುಗ್ರಾಮದ ಸೈಫರಾಕ್ ಇದೇ ಕೆಲಸದಲ್ಲಿದೆ.

ಕೀಲಿಯನ್ನು ಹೊರಬಿಡದ ಸಾಧನ ಭಾರತೀಯರಿಗೆ ಹೊಸತೇನಲ್ಲ. ಕಂಪನಿ ಕಾಯ್ದೆಯ ದಾಖಲೆ ಸಲ್ಲಿಸುವ, ಸರ್ಕಾರಿ ಟೆಂಡರ್ ತುಂಬುವ ಪ್ರತಿಯೊಬ್ಬರ ಬಳಿಯೂ ಪೆನ್‌ಡ್ರೈವ್ ಗಾತ್ರದ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಟೋಕನ್ ಇರುತ್ತದೆ. ಇಂಥ ಟೋಕನ್ನಿಗೆ ಪ್ರಮಾಣಪತ್ರ ಕೊಡುವುದು ಒಂದು ಪ್ರಾಧಿಕಾರ. ಹೈದರಾಬಾದಿನಲ್ಲಿ ರಿಸರ್ವ್ ಬ್ಯಾಂಕ್ 1996ರಲ್ಲಿ ಕಟ್ಟಿದ ಐಡಿಆರ್‌ಬಿಟಿ ಸಂಸ್ಥೆ ಬ್ಯಾಂಕುಗಳಿಗೆ ಡಿಜಿಟಲ್ ಪ್ರಮಾಣಪತ್ರ ಕೊಡುವ ಪ್ರಾಧಿಕಾರವೂ ಹೌದು. ಡಿಎಸ್‌ಸಿ ಟೋಕನ್ನಿಗೂ ಹಾರ್ಡ್‌ವೇರ್ ವಾಲೆಟ್ಟಿಗೂ ಒಳಗಿನ ತತ್ವ ಒಂದೇ. ಹೊರಗೆ ಮಾತ್ರ ಎರಡು ದೊಡ್ಡ ವ್ಯತ್ಯಾಸಗಳಿವೆ. ಟೋಕನ್ನಿಗೆ ಪರದೆಯಿಲ್ಲ, ಯಾವ ಕಾಗದಕ್ಕೆ ಸಹಿ ಬೀಳುತ್ತಿದೆ ಎಂದು ಅದು ತೋರಿಸಲಾರದು. ಹಾಗೆಯೇ ಟೋಕನ್ ಕಳೆದರೆ ಪ್ರಾಧಿಕಾರ ಹಳೆಯ ಪ್ರಮಾಣಪತ್ರವನ್ನು ರದ್ದು ಮಾಡಿ ಹೊಸದು ಕೊಡುತ್ತದೆ. ಬಿಟ್‌ಕಾಯಿನ್ನಿನಲ್ಲಿ ರದ್ದು ಮಾಡುವ ಪ್ರಾಧಿಕಾರವೇ ಇಲ್ಲ. ಕಕ್ಷಿದಾರರ ಟೋಕನ್ನುಗಳೆಲ್ಲ ಪಿನ್ ಚೀಟಿ ಅಂಟಿಸಿಕೊಂಡು ಲೆಕ್ಕಪರಿಶೋಧಕರ ಡ್ರಾಯರಿನಲ್ಲಿ ಬಿದ್ದಿರುವುದು ನಮ್ಮಲ್ಲಿ ಮಾಮೂಲು. ಆ ರೂಢಿ ಇಲ್ಲಿಗೂ ಬಂದರೆ ಹಣ ಹೋಗುವುದಕ್ಕೆ ತಡವಾಗದು.

ಸಾಧನ ಕೊಳ್ಳುವ ಹಂತದಲ್ಲೇ ಮೋಸಕ್ಕೆ ಮೊದಲ ಅವಕಾಶ. ಕಂಪ್ಯೂಟರ್ ಬಿಡಿಭಾಗ ಬೇಕೆಂದರೆ ಹೈದರಾಬಾದಿಗರು ಸಿಕಂದರಾಬಾದಿನ ಪಾರ್ಕ್‌ಲೇನಿನಲ್ಲಿರುವ ಚೆನಾಯ್ ಟ್ರೇಡ್ ಸೆಂಟರಿನ ಹಾದಿ ಹಿಡಿಯುತ್ತಾರೆ. ಮಾನಿಟರನ್ನೋ ರ್‍ಯಾಮನ್ನೋ ಸೆಕೆಂಡ್‌ಹ್ಯಾಂಡ್ ಕೊಂಡರೆ ಹೆಚ್ಚೆಂದರೆ ಅದು ಕೆಟ್ಟೀತು. ಹಾರ್ಡ್‌ವೇರ್ ವಾಲೆಟ್ ಮಾತ್ರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಸೆಕೆಂಡ್‌ಹ್ಯಾಂಡ್ ಬೇಡ, ಮೂರನೆಯ ಮಾರಾಟಗಾರರಿಂದಲೂ ಬೇಡ. ತಯಾರಕರ ಸ್ವಂತ ಜಾಲತಾಣ ಅಥವಾ ಅವರೇ ಹೆಸರಿಸಿದ ವಿತರಕರಿಂದ ಕೊಳ್ಳುವುದೇ ಸರಿ. ಇದು ಅತಿ ಎಚ್ಚರಿಕೆಯೇನಲ್ಲ. 2023ರ ಮೇ ತಿಂಗಳಲ್ಲಿ ಕ್ಯಾಸ್ಪರ್‌ಸ್ಕಿ ಸಂಸ್ಥೆ ಒಂದು ನಕಲಿ ಟ್ರೆಜರ್ ಮಾಡೆಲ್ ಟಿ ಸಾಧನವನ್ನು ಬಿಚ್ಚಿ ನೋಡಿತು. ಹೊಳೆಯುವ ಹಾಲೋಗ್ರಾಮ್ ಚೀಟಿಯೂ ಇತ್ತು, ಪರದೆಯ ಮೇಲೆ ಎಲ್ಲವೂ ಅಸಲಿನಂತೆಯೇ ನಡೆಯುತ್ತಿತ್ತು. ಒಳಗಿನ ಚಿಪ್ ಮಾತ್ರ ಬೇರೆ. ಹೊಸ ಕೀಲಿ ಹುಟ್ಟಿಸುವ ಬದಲು ಅದು ಕಳ್ಳರು ಮೊದಲೇ ಬರೆದಿಟ್ಟಿದ್ದ 20 ಪದಗುಚ್ಛಗಳಲ್ಲಿ (ಕೀಲಿಯನ್ನು ಪದಗಳಲ್ಲಿ ಬರೆದ ರೂಪ ಇದು) ಒಂದನ್ನು ಎತ್ತಿಕೊಡುತ್ತಿತ್ತು. ಕೊಂಡವನು 1.33 ಬಿಟ್‌ಕಾಯಿನ್ ಕಳೆದುಕೊಂಡ. ಹಾಗಾಗಿ ಪೆಟ್ಟಿಗೆಯ ಸೀಲು ಗಟ್ಟಿಯಾಗಿದೆ ಎಂಬುದನ್ನು ನಂಬಿ ಕೂರುವಂತಿಲ್ಲ. ತಯಾರಕರ ತಂತ್ರಾಂಶಕ್ಕೆ ಸಾಧನವನ್ನು ಜೋಡಿಸಿ, ಅದರ ಅಸಲಿತನದ ಪರೀಕ್ಷೆ ಮುಗಿಸಿ, ಫರ್ಮ್‌ವೇರ್ ಅನ್ನು ಅಲ್ಲಿಂದಲೇ ಹಾಕಿಕೊಳ್ಳಬೇಕು. ಪೆಟ್ಟಿಗೆಯೊಳಗೆ ಮೊದಲೇ ಪದಗಳು ತುಂಬಿದ ಕಾರ್ಡ್ ಸಿಕ್ಕಿದರಂತೂ ಪರೀಕ್ಷೆಯ ಅಗತ್ಯವೂ ಇಲ್ಲ, ಅದು ಮೋಸವೇ.

ಸಾಧನ ಅಸಲಿ ಎಂದಾದ ಮೇಲೆ ಅದು ಮಾಡುವ ಮೊದಲ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದದ್ದು: ಯಾರೂ ಊಹಿಸಲಾರದ ಒಂದು ಸಂಖ್ಯೆಯನ್ನು ಹುಟ್ಟಿಸುವುದು. ಮನುಷ್ಯನಿಗೆ ಇದು ಆಗದ ಕೆಲಸ. ‘ಮನಸ್ಸಿಗೆ ಬಂದ’ ಸಂಖ್ಯೆಯಲ್ಲಿ ಜನ್ಮದಿನವೋ ಗಾಡಿ ನಂಬರೋ ಇಣುಕುತ್ತದೆ. ತಂತ್ರಾಂಶಕ್ಕೂ ಇದು ಸುಲಭವಲ್ಲ. ಲಿಬ್‌ಬಿಟ್‌ಕಾಯಿನ್ ಎಂಬ ಪ್ರಸಿದ್ಧ ತಂತ್ರಾಂಶದ ಒಂದು ಆದೇಶ 256 ಬಿಟ್ಟುಗಳ ಸಂಖ್ಯೆ ಕೊಡುತ್ತಿದ್ದರೂ ಅದರ ಮೂಲದಲ್ಲಿದ್ದ ಯಾದೃಚ್ಛಿಕತೆ ಬರೀ 32 ಬಿಟ್ಟಿನದು ಎಂದು 2023ರಲ್ಲಿ ಬಯಲಾಯಿತು. ಅಂದರೆ ಸಾಧ್ಯತೆಗಳು ಸುಮಾರು 429 ಕೋಟಿ. ದೊಡ್ಡ ಸಂಖ್ಯೆಯಂತೆ ಕಂಡರೂ ಒಂದು ಸಾಧಾರಣ ಕಂಪ್ಯೂಟರ್ ಇವನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ಮುಗಿಸಬಲ್ಲದು. ಕಳ್ಳರು ಹಾಗೆಯೇ ಮಾಡಿ ಹಣ ದೋಚಿದರು. ಹಾರ್ಡ್‌ವೇರ್ ವಾಲೆಟ್ಟಿನ ಚಿಪ್ಪಿನಲ್ಲಿ ವಿದ್ಯುತ್ ಗದ್ದಲದಿಂದ ಯಾದೃಚ್ಛಿಕ ಬಿಟ್ಟುಗಳನ್ನು ಹೆಕ್ಕುವ ಭಾಗ ಬೇರೆಯೇ ಇರುತ್ತದೆ. ಅದನ್ನೂ ನಂಬದವರಿಗೆ ಕೆಲವು ಸಾಧನಗಳು ದಾಳದ ದಾರಿ ಕೊಡುತ್ತವೆ. ಆರು ಮುಖದ ದಾಳದ ಒಂದು ಎಸೆತದಿಂದ ಸಿಗುವುದು ಸುಮಾರು 2.58 ಬಿಟ್; 50 ಸಲ ಎಸೆದರೆ 128 ಬಿಟ್ ದಾಟುತ್ತದೆ, 99 ಸಲಕ್ಕೆ 256ರ ಹತ್ತಿರ ಬರುತ್ತದೆ.

ಸಾಧನ ಕೆಟ್ಟರೂ ಹಣ ಉಳಿಯಬೇಕಾದರೆ ಈ ಸಂಖ್ಯೆಯ ಒಂದು ಪ್ರತಿ ಒಡೆಯನ ಬಳಿ ಬೇಕು. ಆದರೆ ಇಷ್ಟು ದೊಡ್ಡ ಸಂಖ್ಯೆಯನ್ನು ತಪ್ಪಿಲ್ಲದೆ ಬರೆದುಕೊಳ್ಳುವುದು ಕಷ್ಟ. ಅದಕ್ಕಾಗಿ 2013ರಲ್ಲಿ ಬಿಐಪಿ-39 ಎಂಬ ಒಪ್ಪಂದ ಬಂತು. 2,048 ಸಾಧಾರಣ ಪದಗಳ ಪಟ್ಟಿ ಇದೆ. ಪ್ರತಿ ಪದವೂ 11 ಬಿಟ್ಟಿಗೆ ಸಮ. 128 ಬಿಟ್ಟಿನ ಸಂಖ್ಯೆಗೆ 4 ಬಿಟ್ಟಿನ ತಾಳೆ ಸೇರಿಸಿದರೆ 132 ಬಿಟ್, ಅಂದರೆ 12 ಪದ. 256ಕ್ಕೆ 8 ಸೇರಿಸಿದರೆ 24 ಪದ. ಇದನ್ನೇ ಬಳಕೆದಾರರು ಸೀಡ್ ಫ್ರೇಸ್ ಎನ್ನುತ್ತಾರೆ. ತಾಳೆಯ ಬಿಟ್ಟುಗಳಿರುವುದರಿಂದ 12 ಪದಗಳಲ್ಲಿ ಒಂದನ್ನು ತಪ್ಪಾಗಿ ಬರೆದರೆ ಹದಿನಾರರಲ್ಲಿ ಹದಿನೈದು ಸಲ ಸಾಧನವೇ ಅದನ್ನು ಹಿಡಿದುಬಿಡುತ್ತದೆ. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ನೋಡಿದರೆ ಸಾಕು, ಪದ ಯಾವುದೆಂದು ಗೊತ್ತಾಗುವಂತೆ ಆರಿಸಿದ್ದಾರೆ. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಝೆಕ್ ಪಟ್ಟಿಗಳೂ ಇವೆ. ಭಾರತದ ಯಾವ ಭಾಷೆಯದೂ ಇಲ್ಲ. ಆದ್ದರಿಂದ ಕನ್ನಡಿಗರು ಪದಗಳನ್ನು ಇಂಗ್ಲಿಷಿನಲ್ಲೇ, ಕಾಗುಣಿತ ಒಂದಿಷ್ಟೂ ಬದಲಿಸದೆ, ಕ್ರಮಸಂಖ್ಯೆ ಹಾಕಿ ಬರೆದುಕೊಳ್ಳಬೇಕು. ಕ್ರಮ ತಪ್ಪಿದರೆ ಕೀಲಿಯೂ ತಪ್ಪುತ್ತದೆ.

ಈ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳಿಂದ ಎಲ್ಲ ನಾಣ್ಯಗಳ ಎಲ್ಲ ವಿಳಾಸಗಳ ಕೀಲಿಗಳೂ ಮತ್ತೆ ಹುಟ್ಟುತ್ತವೆ. ಸಾಧನ ಒಡೆದರೆ, ಕಳೆದರೆ, ಕಂಪನಿಯೇ ಮುಚ್ಚಿದರೆ, ಇದೇ ಒಪ್ಪಂದ ಪಾಲಿಸುವ ಬೇರೆ ಯಾವುದೇ ಸಾಧನಕ್ಕೆ ಪದಗಳನ್ನು ಊಡಿಸಿ ಹಣವನ್ನು ಮರಳಿ ಪಡೆಯಬಹುದು. ಕಳ್ಳನಿಗೂ ಅಷ್ಟೇ ಸಾಕು. ಅವನಿಗೆ ಸಾಧನ ಬೇಕಿಲ್ಲ, ಪಿನ್ ಬೇಕಿಲ್ಲ. ಜನ ಸಾಧನವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ, ಪದಗಳ ಚೀಟಿಯನ್ನು ಪುಸ್ತಕದ ನಡುವೆ ಸಿಕ್ಕಿಸುತ್ತಾರೆ. ಮಾಡಬೇಕಾದದ್ದು ತಿರುಗುಮುರುಗು.

ಪದಗಳನ್ನು ಎಲ್ಲಿ ಬರೆಯಬಾರದು ಎಂಬುದು ಸುಲಭವಾಗಿ ಹೇಳಿ ಮುಗಿಸಬಹುದಾದ ಸಂಗತಿ: ಕ್ಯಾಮೆರಾ, ಕೀಬೋರ್ಡ್, ಇಂಟರ್ನೆಟ್ ಇರುವ ಯಾವುದರಲ್ಲೂ ಬೇಡ. ಫೋಟೊ ತೆಗೆದರೆ ಅದು ತಾನಾಗಿ ಕ್ಲೌಡಿಗೆ ಏರುತ್ತದೆ. ಅದಕ್ಕೂ ಮುಂದೆ ಹೋದ ಕಳ್ಳ ತಂತ್ರಾಂಶಗಳಿವೆ. 2025ರ ಫೆಬ್ರವರಿಯಲ್ಲಿ ಪತ್ತೆಯಾದ ಸ್ಪಾರ್ಕ್‌ಕ್ಯಾಟ್, ಅಧಿಕೃತ ಆ್ಯಪ್ ಅಂಗಡಿಗಳಲ್ಲೇ ಇದ್ದ ಆ್ಯಪುಗಳಲ್ಲಿ ಅಡಗಿ, ಗ್ಯಾಲರಿಯ ಚಿತ್ರಗಳಲ್ಲಿನ ಅಕ್ಷರಗಳನ್ನು ಓದಿ, ಸೀಡ್ ಫ್ರೇಸಿನಂತೆ ಕಾಣುವುದನ್ನು ಹೆಕ್ಕಿ ಕಳಿಸುತ್ತಿತ್ತು. ವಾಟ್ಸ್ಯಾಪಿನಲ್ಲಿ ತನಗೆ ತಾನೇ ಕಳಿಸಿಕೊಳ್ಳುವುದು, ಇಮೇಲ್ ಡ್ರಾಫ್ಟಿನಲ್ಲಿ ಇಡುವುದು, ಸುಳ್ಳು ಹೆಸರಿನ ಫೋನ್ ನಂಬರಾಗಿ ಸೇವ್ ಮಾಡುವುದು, ಎಲ್ಲ ಒಂದೇ ಜಾತಿಯವು.

ಎಲ್ಲಿ ಬರೆಯಬೇಕು ಎಂಬ ಪ್ರಶ್ನೆಗೆ ಊರನ್ನು ನೋಡಿ ಉತ್ತರ ಹೇಳಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಬರುವ ಕಾಗದದ ಕಾರ್ಡು ಬೆಂಕಿಗೂ ನೀರಿಗೂ ನಿಲ್ಲದು. 2020ರ ಅಕ್ಟೋಬರ್ 13 ಮತ್ತು 14ರ ಮಳೆಗೆ ಹೈದರಾಬಾದಿನ ಎಷ್ಟೋ ಕಾಲೊನಿಗಳಲ್ಲಿ ನೆಲಮಹಡಿಯ ಮನೆಗಳೊಳಗೆ ನೀರು ನುಗ್ಗಿತು. ಬೀರುವಿನ ಕೆಳಗಿನ ಅರೆಯಲ್ಲಿದ್ದ ಕಾಗದಪತ್ರಗಳೆಲ್ಲ ಕೆಸರಾದವು. ಅಂಥ ಊರಿನಲ್ಲಿ ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಅಕ್ಷರ ಕೊರೆದಿಡುವುದು ಲೇಸು. ಉಕ್ಕು ಕರಗುವುದು 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಮನೆಗೆ ಬೀಳುವ ಬೆಂಕಿ ಸಾಮಾನ್ಯವಾಗಿ ಅಷ್ಟು ಮೇಲೇರದು. ವಿದೇಶದಿಂದ ತರಿಸುವ ದುಬಾರಿ ತಗಡುಗಳೇ ಆಗಬೇಕೆಂದಿಲ್ಲ. ಸಿಕಂದರಾಬಾದಿನ ರಾಣಿಗಂಜಿನ ಉಪಕರಣದ ಅಂಗಡಿಗಳಲ್ಲಿ ಅಕ್ಷರದ ಪಂಚುಗಳ ಸೆಟ್ ಸಿಗುತ್ತದೆ, ಬೇಗಂ ಬಜಾರಿನಲ್ಲಿ ದಪ್ಪ ಸ್ಟೀಲ್ ತಟ್ಟೆ ಸಿಗುತ್ತದೆ. ಸುತ್ತಿಗೆ ಮನೆಯಲ್ಲೇ ಇರುತ್ತದೆ. ಪದಕ್ಕೆ ನಾಲ್ಕೇ ಅಕ್ಷರ ಹೊಡೆದರೂ ಸಾಕು. ಪಾತ್ರೆಗೆ ಹೆಸರು ಹಾಕಿಸುವಂತೆ ಅಂಗಡಿಯವನ ಕೈಗೆ ಮಾತ್ರ ಕೊಡಬಾರದು. ಪದಗಳನ್ನು ಒಡೆಯನಲ್ಲದೆ ಇನ್ನೊಬ್ಬ ಓದಿದರೆ ಅವು ಇಬ್ಬರ ಸೊತ್ತಾಗುತ್ತವೆ.

ಬ್ಯಾಂಕ್ ಲಾಕರ್ ಒಳ್ಳೆಯ ಜಾಗವೇ. ಅದರ ಮಿತಿಯೂ ಗೊತ್ತಿರಬೇಕು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಂಕಿ, ಕಳವು, ಕಟ್ಟಡ ಕುಸಿತ ಇಲ್ಲವೇ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕ್ ಕೊಡಬೇಕಾದದ್ದು ವಾರ್ಷಿಕ ಬಾಡಿಗೆಯ ನೂರು ಪಟ್ಟು. ಬಾಡಿಗೆ 3,000 ರೂಪಾಯಿ ಇದ್ದರೆ ಪರಿಹಾರ 3 ಲಕ್ಷ. ಒಳಗಿದ್ದ ಪದಗಳ ಬೆಲೆ ಕೋಟಿಯಾದರೂ ಅಷ್ಟೇ. ಒಂದು ಪ್ರತಿ ಲಾಕರಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿ ಇರುವುದು ಸಾಮಾನ್ಯ ಮನೆತನಕ್ಕೆ ಸಾಕಾಗುವ ಏರ್ಪಾಡು.

ಬರೆದದ್ದು ಸರಿಯಿದೆಯೇ ಎಂದು ತಿಳಿಯಲು ಇರುವುದು ಒಂದೇ ಪರೀಕ್ಷೆ, ಹೆಚ್ಚಿನವರು ಅದನ್ನೇ ಬಿಡುತ್ತಾರೆ. ದೊಡ್ಡ ಮೊತ್ತ ಹಾಕುವ ಮೊದಲು ಚಿಲ್ಲರೆ ಮೊತ್ತವೊಂದನ್ನು ವಾಲೆಟ್ಟಿಗೆ ಕಳಿಸಿ, ಆಮೇಲೆ ಸಾಧನವನ್ನು ಪೂರ್ತಿ ಅಳಿಸಿ, ಬರೆದಿಟ್ಟ ಪದಗಳಿಂದ ಮರಳಿ ಎಬ್ಬಿಸಬೇಕು. ಅದೇ ವಿಳಾಸ, ಅದೇ ಚಿಲ್ಲರೆ ಮೊತ್ತ ಮತ್ತೆ ಕಂಡರೆ ಬರಹ ಸರಿ. ಕೆಲವೊಮ್ಮೆ ಶೇಷ ಸೊನ್ನೆ ಎಂದು ತೋರಿಸಿ ಎದೆ ಝಲ್ಲೆನಿಸುವುದುಂಟು. ಬಿಟ್‌ಕಾಯಿನ್ನಿಗೆ ಮೂರ್ನಾಲ್ಕು ಬಗೆಯ ವಿಳಾಸಗಳಿವೆ, ಒಂದು ಬಗೆಯದನ್ನು ಬಳಸಿ ಇನ್ನೊಂದು ಬಗೆಯದನ್ನು ತೆರೆದಾಗ ಹೀಗಾಗುತ್ತದೆ. ಬಗೆ ಬದಲಿಸಿದರೆ ಹಣ ಕಾಣುತ್ತದೆ.

ಪಿನ್ನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲೆಡ್ಜರಿನಲ್ಲಿ ಮೂರು ಸಲ ತಪ್ಪಿದರೆ ಸಾಧನ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ, ಟ್ರೆಜರ್ ಇನ್ನೂ ಕೆಲವು ಸಲ ಹೆಚ್ಚು ಅವಕಾಶ ಕೊಡುತ್ತದೆ. ಪಿನ್ ಕಾಯುವುದು ಸಾಧನವನ್ನು. ಪದಗಳಿಗೆ ಅದರ ರಕ್ಷಣೆಯಿಲ್ಲ. 2020ರ ಜನವರಿಯಲ್ಲಿ ಕ್ರಾಕೆನ್ ಸಂಸ್ಥೆಯ ಸಂಶೋಧಕರು ಆಗಿನ ಟ್ರೆಜರ್ ಸಾಧನಗಳು ಕೈಗೆ ಸಿಕ್ಕರೆ ಹದಿನೈದು ನಿಮಿಷದಲ್ಲಿ ಸೀಡ್ ಹೊರತೆಗೆಯಬಹುದೆಂದು ತೋರಿಸಿದ್ದರು. ಅದಕ್ಕಿದ್ದ ಮದ್ದು ಪಾಸ್‌ಫ್ರೇಸ್: ಪದಗಳ ಜೊತೆಗೆ ಒಡೆಯನೇ ಆರಿಸಿ ಸೇರಿಸುವ, ಸಾಧನದಲ್ಲಿ ಉಳಿಯದ ಒಂದು ಗುಟ್ಟಿನ ಮಾತು. ಅದಿಲ್ಲದೆ ಪದಗಳು ಸಿಕ್ಕರೂ ಅಸಲು ಹಣ ಕಾಣದು. ಆದರೆ ಪಾಸ್‌ಫ್ರೇಸಿಗೆ ಸರಿ ತಪ್ಪು ಎಂಬುದಿಲ್ಲ. ಏನನ್ನೇ ಟೈಪ್ ಮಾಡಿದರೂ ಅದಕ್ಕೆ ತಕ್ಕ ಒಂದು ವಾಲೆಟ್ ತೆರೆಯುತ್ತದೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ತೆರೆಯುವುದು ಖಾಲಿ ವಾಲೆಟ್. ‘ಮರೆತಿರಾ?’ ಎಂದು ಕೇಳುವ ಗುಂಡಿ ಇಲ್ಲ. ಮರೆವಿನವರಿಗೆ ಕಳ್ಳರಿಗಿಂತ ಪಾಸ್‌ಫ್ರೇಸೇ ಅಪಾಯಕಾರಿ.

ಇನ್ನು ಸಹಿ. ಎಲ್ಲ ಏರ್ಪಾಡೂ ಸರಿಯಿದ್ದು ಹಣ ಹೋಗುವುದು ಈ ಕ್ಷಣದಲ್ಲಿ. ಕಂಪ್ಯೂಟರಿನಲ್ಲಿ ನಕಲು ಮಾಡಿದ ವಿಳಾಸವನ್ನು ಅಂಟಿಸುವಷ್ಟರಲ್ಲಿ ಬದಲಿಸಿಬಿಡುವ ತಂತ್ರಾಂಶಗಳು ಹಳೆಯವು. ಮೊದಲ ಮತ್ತು ಕೊನೆಯ ಕೆಲವು ಅಕ್ಷರ ಹೊಂದುವಂಥ ವಿಳಾಸ ಸೃಷ್ಟಿಸಿ, ಅಲ್ಲಿಂದ ಪುಡಿಗಾಸು ಕಳಿಸಿ, ವಹಿವಾಟು ಪಟ್ಟಿಯಲ್ಲಿ ಅದನ್ನು ನೆಟ್ಟು ಕಾಯುವ ಉಪಾಯವೂ ಇದೆ. ಹೀಗಾಗಿ ಕಂಪ್ಯೂಟರಿನ ಪರದೆಯನ್ನು ಬಿಟ್ಟು ಸಾಧನದ ಪುಟ್ಟ ಪರದೆಯಲ್ಲಿ ವಿಳಾಸವನ್ನೂ ಮೊತ್ತವನ್ನೂ ಆದಿಯಿಂದ ಅಂತ್ಯದವರೆಗೆ ಓದಬೇಕು. ಬೇಸರದ ಕೆಲಸ ನಿಜ. ಆದರೆ ಡಿಎಸ್‌ಸಿ ಟೋಕನ್ನಿಗಿಲ್ಲದ ಪರದೆಯನ್ನು ಇಲ್ಲಿ ಕೊಟ್ಟಿರುವುದು ಇದಕ್ಕಾಗಿಯೇ.

ಪರದೆಯೇ ಅರ್ಥವಾಗದಿದ್ದರೆ? 2024ರ ಜುಲೈ 18ರಂದು ಕ್ರಿಪ್ಟೊ ಕೊಂಡು ಮಾರುವ ಭಾರತದ ದೊಡ್ಡ ಎಕ್ಸ್‌ಚೇಂಜುಗಳಲ್ಲಿ ಒಂದಾಗಿದ್ದ ವಜೀರ್‌ಎಕ್ಸ್‌ನಿಂದ ಸುಮಾರು 23.5 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಆ ವಾಲೆಟ್ಟಿಗೆ ಆರು ಮಂದಿ ಸಹಿದಾರರಿದ್ದರು: ಐವರು ವಜೀರ್‌ಎಕ್ಸ್‌ನವರು, ಒಬ್ಬರು ಲಿಮಿನಲ್ ಎಂಬ ಕಾವಲು ಸಂಸ್ಥೆಯವರು. ವಜೀರ್‌ಎಕ್ಸ್‌ನ ಮೂವರ ಸಹಿಯ ಮೇಲೆ ಲಿಮಿನಲ್ಲಿನ ಸಹಿ ಬೀಳಬೇಕಿತ್ತು. ಆ ಮೂವರ ಕೈಯಲ್ಲೂ ಇದ್ದದ್ದು ಲೆಡ್ಜರ್ ಹಾರ್ಡ್‌ವೇರ್ ವಾಲೆಟ್ಟುಗಳೇ. ಯಾವ ಕೀಲಿಯೂ ಸಾಧನದಿಂದ ಹೊರಬೀಳಲಿಲ್ಲ. ಕಂಪ್ಯೂಟರಿನ ಪರದೆಯಲ್ಲಿ ಕಂಡದ್ದು ಒಂದು ವಹಿವಾಟು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಆ ಸಹಿಗಳಿಂದ ವಾಲೆಟ್ಟಿನ ನಿಯಂತ್ರಣವೇ ಕಳ್ಳರ ಪಾಲಾಯಿತು. ತಪ್ಪು ಯಾರ ಕಡೆಯದೆಂದು ಎರಡು ಸಂಸ್ಥೆಗಳೂ ಪರಸ್ಪರ ಬೆರಳು ತೋರಿಸಿದವು. ಕಳವಿಗೆ ಉತ್ತರ ಕೊರಿಯಾ ಕಾರಣ ಎಂದು ಅಮೆರಿಕ, ಜಪಾನ್ ಮತ್ತು ದಕ್ಷಿಣ ಕೊರಿಯಾ 2025ರ ಜನವರಿಯಲ್ಲಿ ಜಂಟಿಯಾಗಿ ಹೇಳಿದವು. ಮರು ತಿಂಗಳೇ ಬೈಬಿಟ್ ಎಕ್ಸ್‌ಚೇಂಜಿನಲ್ಲಿ ಹೆಚ್ಚುಕಡಿಮೆ ಇದೇ ಬಗೆಯಲ್ಲಿ ಸುಮಾರು 150 ಕೋಟಿ ಡಾಲರ್ ಹೋಯಿತು. ಸಾಧನದ ಪರದೆ ವಿಳಾಸ, ಮೊತ್ತ ತೋರಿಸದೆ ಬರೀ ಅರ್ಥವಿಲ್ಲದ ಅಕ್ಷರಸಾಲು ತೋರಿಸಿದಾಗ ಹಾಕುವ ಸಹಿಗೆ ಕುರುಡು ಸಹಿ ಎನ್ನುತ್ತಾರೆ. ಸಾಮಾನ್ಯ ಬಳಕೆದಾರರು ಅದರ ಅನುಮತಿಯನ್ನು ಸೆಟ್ಟಿಂಗಿನಲ್ಲಿ ಮುಚ್ಚಿಟ್ಟಿರುವುದೇ ಒಳಿತು.

ಒಂದೇ ಕಡೆ ಇಟ್ಟ ಪದಗಳು ಕಳುವಾಗುವ ಭಯ, ಹಲವು ಕಡೆ ಇಟ್ಟರೆ ಹಲವರಿಗೆ ತಿಳಿಯುವ ಭಯ. ಹನ್ನೆರಡು ಪದಗಳನ್ನು ಆರಾರಾಗಿ ಹರಿದು ಎರಡು ಕಡೆ ಇಡುವುದು ಜನರಿಗೆ ಥಟ್ಟನೆ ಹೊಳೆಯುವ ಉಪಾಯ. ಅದು ಕೆಟ್ಟ ಉಪಾಯ. ಒಂದು ಅರ್ಧ ಕಳೆದರೆ ಎಲ್ಲವೂ ಹೋಯಿತು. ಒಂದು ಅರ್ಧ ಕಳ್ಳನಿಗೆ ಸಿಕ್ಕರೆ ಅವನು ಊಹಿಸಬೇಕಾದದ್ದು 128 ಬಿಟ್ಟಿನಿಂದ 62 ಬಿಟ್ಟಿಗೆ ಇಳಿಯುತ್ತದೆ. ಇದಕ್ಕೆ ಗಣಿತದ ಸರಿಯಾದ ಉತ್ತರವನ್ನು 1979ರಲ್ಲಿ ಗೂಢಲಿಪಿ ತಜ್ಞ ಆದಿ ಶಮೀರ್ ಕೊಟ್ಟರು. ಹಾಳೆಯ ಮೇಲೆ ಒಂದು ಸರಳರೇಖೆ ಇದೆ ಎನ್ನೋಣ. ಅದು ನಿಂತ ಅಕ್ಷವನ್ನು ಕತ್ತರಿಸುವ ಎತ್ತರವೇ ಗುಟ್ಟಿನ ಸಂಖ್ಯೆ. ರೇಖೆಯ ಮೇಲಿನ ಬೇರೆ ಮೂರು ಬಿಂದುಗಳನ್ನು ಮೂವರಿಗೆ ಹಂಚಿದರೆ, ಯಾವುದೇ ಇಬ್ಬರು ಸೇರಿ ರೇಖೆ ಎಳೆದು ಗುಟ್ಟು ತಿಳಿಯಬಹುದು. ಒಂದೇ ಬಿಂದುವಿನ ಮೂಲಕ ಎಣಿಕೆಯಿಲ್ಲದಷ್ಟು ರೇಖೆಗಳು ಹಾಯುವುದರಿಂದ ಒಬ್ಬನಿಗೆ ತಿಳಿಯುವುದು ಸೊನ್ನೆ. ಟ್ರೆಜರಿನ ಮಾಡೆಲ್ ಟಿ ಈ ಸೌಲಭ್ಯವನ್ನು 2019ರಲ್ಲಿ ತಂದಿತು. ಸೈಫರಾಕ್ ತನ್ನ ಎಕ್ಸ್1 ಸಾಧನದಲ್ಲಿ ಕೀಲಿಯನ್ನು ಐದು ಪಾಲು ಮಾಡಿ, ಒಂದನ್ನು ಸಾಧನದಲ್ಲೂ ನಾಲ್ಕನ್ನು ನಾಲ್ಕು ಕಾರ್ಡುಗಳಲ್ಲೂ ಇಡುತ್ತದೆ. ಎರಡು ಪಾಲು ಕೂಡಿದರೆ ಸಾಕು.

ಈ ಗಣಿತಕ್ಕೆ ಇನ್ನೂ ಹಳೆಯದೊಂದು ಬೇರು ಇದೆ, ಅದು ಕನ್ನಡ ನೆಲಕ್ಕೂ ಹೈದರಾಬಾದಿಗೂ ತಾಕುತ್ತದೆ. 1920ರಲ್ಲಿ ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1940ರ ದಶಕದಲ್ಲಿ ಪ್ರಯೋಗಗಳ ವಿನ್ಯಾಸಕ್ಕಾಗಿ ಆರ್ಥಾಗನಲ್ ಅರೇ ಎಂಬ ಕೋಷ್ಟಕಗಳನ್ನು ರೂಪಿಸಿದ್ದರು. ಶಮೀರ್ ಮಾದರಿಯ ಹಂಚಿಕೆಗೂ ಈ ಕೋಷ್ಟಕಗಳಿಗೂ ಗಾಢ ಸಂಬಂಧವಿದೆ ಎಂದು ಮುಂದಿನ ಗಣಿತಜ್ಞರು ತೋರಿಸಿದರು. ರಾವ್ ಅವರ ಹೆಸರಿನ ಗಣಿತ, ಸಂಖ್ಯಾಶಾಸ್ತ್ರ ಮತ್ತು ಕಂಪ್ಯೂಟರ್ ವಿಜ್ಞಾನದ ಸಂಸ್ಥೆ ಗಚ್ಚಿಬೌಲಿಯ ಹೈದರಾಬಾದ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಗೂಢಲಿಪಿ ಶಾಸ್ತ್ರ ಅಲ್ಲಿನ ಸಂಶೋಧನಾ ವಿಷಯಗಳಲ್ಲೊಂದು.

ಹೈದರಾಬಾದಿನಲ್ಲಿ ಕೆಲಸಕ್ಕಿರುವ, ಕಲಬುರಗಿಯಲ್ಲಿ ತಂದೆತಾಯಿ, ರಾಯಚೂರಿನಲ್ಲಿ ಅಕ್ಕ ಇರುವ ಒಬ್ಬರಿಗೆ ಮೂರರಲ್ಲಿ ಎರಡು ಎಂಬ ಹಂಚಿಕೆ ಚೆನ್ನಾಗಿ ಒಗ್ಗುತ್ತದೆ. ಒಂದೂರಿನ ನೆರೆಯಲ್ಲಿ ಒಂದು ಪಾಲು ಹೋದರೂ ಉಳಿದೆರಡು ಸಾಕು. ಒಡೆಯ ಸತ್ತರೆ ಮನೆಯವರಿಗೆ ಹಣ ಸಿಗುವ ದಾರಿಯೂ ಇದೇ. ಬ್ಯಾಂಕ್ ಖಾತೆಗೆ ನಾಮಿನಿ ಇರುವಂತೆ ಇಲ್ಲಿ ಯಾರೂ ಇರುವುದಿಲ್ಲ. ಉತ್ತರಾಧಿಕಾರದ ಪ್ರಮಾಣಪತ್ರ ಬ್ಲಾಕ್‌ಚೈನನ್ನು ತೆರೆಯದು. ಪಾಲುಗಳು ಎಲ್ಲೆಲ್ಲಿವೆ, ಯಾವ ಸಾಧನಕ್ಕೆ ಅವನ್ನು ಊಡಿಸಬೇಕು, ಪಾಸ್‌ಫ್ರೇಸ್ ಇದೆಯೋ ಇಲ್ಲವೋ ಎಂಬ ಒಂದು ಪುಟದ ವಿವರವನ್ನು ಪದಗಳಿಲ್ಲದೆ ಬರೆದು ಉಯಿಲಿನ ಜೊತೆ ಇಡಬೇಕು. ಲಾಭದ ಮೇಲೆ 2022ರ ಏಪ್ರಿಲ್‌ನಿಂದ ಬಂದಿರುವ ಶೇಕಡ 30ರ ತೆರಿಗೆ ಎಕ್ಸ್‌ಚೇಂಜಿನಲ್ಲಿದ್ದರೂ ವಾಲೆಟ್ಟಿನಲ್ಲಿದ್ದರೂ ಒಂದೇ, ಹಾಗಾಗಿ ಕೊಂಡ ದಿನ ಮತ್ತು ಬೆಲೆಯ ದಾಖಲೆಯೂ ಅದೇ ಕಡತದಲ್ಲಿರಲಿ.

ಆಮೇಲಿನ ದಿನಗಳಲ್ಲಿ ಬರುವ ಕರೆ, ಪತ್ರ, ಇಮೇಲುಗಳು ಇನ್ನೊಂದು ಬಾಗಿಲು. ಲೆಡ್ಜರ್ ಕಂಪನಿಯ ಗ್ರಾಹಕರ ಮಾಹಿತಿ 2020ರಲ್ಲಿ ಸೋರಿ, ಸುಮಾರು 2.7 ಲಕ್ಷ ಜನರ ಮನೆ ವಿಳಾಸ, ಫೋನ್ ನಂಬರ್ ಬಹಿರಂಗವಾದವು. ಮರುವರ್ಷ ಅವರಲ್ಲಿ ಕೆಲವರ ಮನೆಗೆ ‘ಬದಲಿ ಸಾಧನ’ ಎಂಬ ನಕಲಿ ಪೆಟ್ಟಿಗೆಗಳೇ ಅಂಚೆಯಲ್ಲಿ ಬಂದವು. ಸೀಡ್ ಫ್ರೇಸ್ ಕೇಳುವ ಯಾವ ಕಂಪನಿಯೂ, ಯಾವ ಅಧಿಕಾರಿಯೂ ಅಸಲಿಯಲ್ಲ. ಪದಗಳನ್ನು ಊಡಿಸುವುದು ಸಾಧನಕ್ಕೆ ಮಾತ್ರ, ಜಾಲತಾಣಕ್ಕಲ್ಲ.

ಸಾಧನ ಕಳೆದುಹೋದರೆ ಗಾಬರಿಗಿಂತ ವೇಗ ಮುಖ್ಯ. ಪಿನ್ ಸ್ವಲ್ಪ ಕಾಲ ತಡೆಯುತ್ತದೆ. ಅಷ್ಟರಲ್ಲಿ ಹೊಸ ಸಾಧನವನ್ನು ಹಳೆಯ ಪದಗಳಿಂದ ಎಬ್ಬಿಸಿ, ಇನ್ನೊಂದು ಸಾಧನದಲ್ಲಿ ಪೂರ್ತಿ ಹೊಸ ಪದಗಳನ್ನು ಹುಟ್ಟಿಸಿ, ಹಣವನ್ನೆಲ್ಲ ಅಲ್ಲಿಗೆ ಸಾಗಿಸಿ, ಹಳೆಯ ಪದಗಳನ್ನು ಕೈಬಿಡಬೇಕು. ಕಳೆದದ್ದು ಪದಗಳಾದರೆ ಅಥವಾ ಇನ್ನೊಬ್ಬರ ಕಣ್ಣಿಗೆ ಬಿದ್ದಿರುವ ಅನುಮಾನವಿದ್ದರೆ ಕೈಯಲ್ಲಿರುವ ಸಾಧನದಿಂದಲೇ ಹಣವನ್ನು ಹೀಗೆ ಹೊಸ ಪದಗಳ ವಾಲೆಟ್ಟಿಗೆ ಸಾಗಿಸಬೇಕು, ತಡ ಮಾಡುವಂತಿಲ್ಲ. ಹಣ ಆಗಲೇ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು, ವಹಿವಾಟಿನ ಗುರುತುಸಂಖ್ಯೆ ಮತ್ತು ಕಳ್ಳನ ವಿಳಾಸ ಕೊಡಬೇಕು. ಬ್ಯಾಂಕ್ ವಂಚನೆಯಲ್ಲಿ ಖಾತೆಯನ್ನು ತಡೆಹಿಡಿಯುವಂತೆ ಬ್ಲಾಕ್‌ಚೈನಿನಲ್ಲಿ ತಡೆಯಲಾಗದು. ಹಣ ಯಾವುದಾದರೂ ನೋಂದಾಯಿತ ಎಕ್ಸ್‌ಚೇಂಜಿಗೆ ಬಂದು ತಲುಪಿದರೆ ಅಲ್ಲಿ ಅದನ್ನು ಹಿಡಿಯುವ ಅವಕಾಶ ಪೊಲೀಸರಿಗಿರುತ್ತದೆ.